ದೇಹಾಂಗುಲ ಮತ್ತು ಮಾನಾಂಗುಲ: ಛಾಯಾಚಿತ್ರದ ಅಳತೆದೋಷಗಳು, ಅವುಗಳ ನಿದಾನ ಮತ್ತು ಪರಿಹಾರ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಲೇಖನಗಳಿಗೆ ಇರುವಷ್ಟೇ ಗೌರವದ ಸ್ಥಾನ ಛಾಯಾಚಿತ್ರಗಳಿಗೂ ಉಂಟು. ಸಂಚಿಕೆ ಕೈಸೇರಿದೊಡನೆ ಹಳೆಯ ವಿದ್ಯಾರ್ಥಿಯು ಮೊದಲು ಹುಡುಕುವುದು ತನ್ನ ತರಗತಿಯ ಗುಂಪುಚಿತ್ರವನ್ನು. ದಾನಿಗಳ ಮನೆಯವರು ಹುಡುಕುವುದು ಗತಿಸಿದ ಹಿರಿಯರ ಭಾವಚಿತ್ರವನ್ನು. ಅಂಥ ಪುಟದಲ್ಲಿ ಹಿರಿಯರ ಮುಖ ಅಡ್ಡಲಾಗಿ ಹಿಗ್ಗಿ ಗುರುತೇ ಸಿಗದಂತಾಗಿದ್ದರೆ, ಸಾಲಿನ ಕೊನೆಯಲ್ಲಿ ನಿಂತಿದ್ದವನ ಅರ್ಧದೇಹ ಅಂಚಿನಲ್ಲಿ ಕತ್ತರಿಸಿಹೋಗಿದ್ದರೆ, ಶಿಲಾಶಾಸನದ ಅಕ್ಷರಗಳು ಮಸಿಯ ಮಚ್ಚೆಗಳಾಗಿ ಕಂಡರೆ, ಆಗುವ ನೋವು ಸಾಮಾನ್ಯವಾದುದಲ್ಲ. ಅಕ್ಷರದ ತಪ್ಪನ್ನು ತಪ್ಪೊಪ್ಪೋಲೆಯಲ್ಲಿ ತಿದ್ದಬಹುದು; ಅಚ್ಚಾಗಿಹೋದ ಚಿತ್ರವನ್ನು ತಿದ್ದುವ ಓಲೆ ಯಾವುದೂ ಇಲ್ಲ.

ಇಂಥ ದೋಷಗಳು ಕಂಡಾಗ ಕೆಲವರು ಮುದ್ರಣಾಲಯವನ್ನೂ ಕೆಲವರು ಗಣಕಯಂತ್ರವನ್ನೂ ದೂರುವುದು ರೂಢಿ. ಪರಿಶೀಲಿಸಿ ನೋಡಿದರೆ ಬಹುಪಾಲು ದೋಷಗಳಿಗೆ ಮೂಲ ಒಂದೇ: ಚಿತ್ರಕ್ಕೆ ಎರಡು ಬಗೆಯ ಅಳತೆಗಳಿವೆ ಎಂಬುದನ್ನು ಮರೆತು ಒಂದನ್ನು ಇನ್ನೊಂದೆಂದು ಭಾವಿಸುವುದು. ಫೋಟೋಶಾಪ್, ಗಿಂಪ್ ಮೊದಲಾದ ಚಿತ್ರಸಂಸ್ಕರಣ ತಂತ್ರಾಂಶಗಳಲ್ಲಿ ಕಾಣಬರುವ ಅಳತೆಯ ದೋಷಗಳ ಲಕ್ಷಣ, ಕಾರಣ, ಪರಿಹಾರಗಳನ್ನು ಕ್ರಮವಾಗಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎರಡು ಅಂಗುಲಗಳು

ನಮ್ಮ ಶಿಲ್ಪಶಾಸ್ತ್ರವು ಅಳತೆಯ ವಿಚಾರದಲ್ಲಿ ಬಹು ಸೂಕ್ಷ್ಮವಾದುದು. ‘ಮಾನಸಾರ’ವು ಮಾನ, ಪ್ರಮಾಣ, ಪರಿಮಾಣ, ಲಂಬಮಾನ, ಉನ್ಮಾನ, ಉಪಮಾನ ಎಂದು ಆರು ಬಗೆಯ ಅಳತೆಗಳನ್ನು ಹೇಳುತ್ತದೆ. ಇದಕ್ಕಿಂತಲೂ ಇಲ್ಲಿ ಪ್ರಸ್ತುತವಾದುದು ಅಂಗುಲಭೇದ. ಎಂಟು ಯವಗಳಿಗೆ ಒಂದು ಅಂಗುಲವೆಂದು ಲೋಕದ ಕಾಳಿನಿಂದ ಕಟ್ಟಿದ ಅಳತೆ ಮಾನಾಂಗುಲ. ಇದು ಹೊಲಕ್ಕೂ ಕಂಬಕ್ಕೂ ಬಟ್ಟೆಗೂ ಒಂದೇ. ಮೂರ್ತಿಯ ಸ್ವಂತ ಎತ್ತರವನ್ನೇ ನಿಯತವಾದ ಭಾಗಗಳಾಗಿ ವಿಭಾಗಿಸಿ ಪಡೆದ ಒಂದು ಭಾಗ ದೇಹಾಂಗುಲ. ಮುಖದ ಅಳತೆಯಾದ ಒಂದು ತಾಲಕ್ಕೆ 12 ಅಂಗುಲ; ನವತಾಲದ ಮೂರ್ತಿಗೆ 108 ಅಂಗುಲ. ಮೂರ್ತಿ ಅಂಗೈಯಗಲದ ಪಂಚಲೋಹದ್ದಾದರೂ, ಆಳೆತ್ತರದ ಕಗ್ಗಲ್ಲಿನದ್ದಾದರೂ ಅದರ ದೇಹಾಂಗುಲಗಳ ಎಣಿಕೆ ಬದಲಾಗದು. ಬದಲಾಗುವುದು ಒಂದೊಂದು ದೇಹಾಂಗುಲಕ್ಕೆ ಎಷ್ಟು ಮಾನಾಂಗುಲ ಎಂಬುದು ಮಾತ್ರ.

ಗಣಕಯಂತ್ರದೊಳಗಿನ ಚಿತ್ರದ ಸ್ವರೂಪವೂ ಇದೇ. ಅಲ್ಲಿ ಚಿತ್ರವೆಂದರೆ ಅಡ್ಡಸಾಲು ನೀಟಸಾಲುಗಳಲ್ಲಿ ಜೋಡಿಸಿದ ಬಣ್ಣದ ಬಿಂದುಗಳು. ಈ ಬಿಂದುವಿಗೆ ಪಿಕ್ಸೆಲ್ ಎಂದು ಹೆಸರು. ಇಂದಿನ ಮೊಬೈಲ್ ಫೋನಿನ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಬಿಂದುಗಳಿರುತ್ತವೆ. ಈ ಎಣಿಕೆಯೇ ಚಿತ್ರದ ದೇಹಾಂಗುಲ. ಅದಕ್ಕೆ ಸ್ವಂತದ ಇಂಚಿಲ್ಲ, ಸೆಂಟಿಮೀಟರಿಲ್ಲ. ಕಾಗದದ ಮೇಲೆ ಮೂಡುವಾಗ ಒಂದು ಇಂಚಿನಲ್ಲಿ ಎಷ್ಟು ಬಿಂದುಗಳನ್ನು ಕೂಡಿಸಬೇಕೆಂದು ನಾವು ಗೊತ್ತುಮಾಡಿದ ಬಳಿಕವಷ್ಟೇ ಅದಕ್ಕೆ ಮಾನಾಂಗುಲ ಒದಗುತ್ತದೆ. ಹೀಗೆ ಗೊತ್ತುಮಾಡುವ ಸಾಂದ್ರತೆಗೆ ರೆಸಲ್ಯೂಷನ್ ಎನ್ನುತ್ತಾರೆ.

ಲೆಕ್ಕ ಸರಳವಾದುದು. ಬಿಂದುಗಳ ಎಣಿಕೆಯನ್ನು ಸಾಂದ್ರತೆಯಿಂದ ಭಾಗಿಸಿದರೆ ಮುದ್ರಿತ ಗಾತ್ರ ಸಿಗುತ್ತದೆ. 4000 ಬಿಂದುಗಳನ್ನು ಇಂಚಿಗೆ 300ರಂತೆ ಕೂಡಿಸಿದರೆ 13.3 ಇಂಚು, ಇಂಚಿಗೆ 72ರಂತೆ ಕೂಡಿಸಿದರೆ 55.6 ಇಂಚು. ಚಿತ್ರ ಅದೇ, ಬಿಂದುಗಳೂ ಅವೇ. ಉತ್ತಮ ಕಾಗದದ ಮೇಲಿನ ಮುದ್ರಣಕ್ಕೆ ಇಂಚಿಗೆ 300 ಬಿಂದುಗಳಿರಬೇಕೆಂಬ ರೂಢಿಗೂ ಕಾರಣವುಂಟು. ಆಫ್‌ಸೆಟ್ ಮುದ್ರಣದಲ್ಲಿ ಚಿತ್ರವನ್ನು ಇಂಚಿಗೆ 133 ಅಥವಾ 150 ಗೆರೆಗಳ ಜಾಲವಾಗಿ ಒಡೆಯುತ್ತಾರೆ. ಒಂದೊಂದು ಗೆರೆಗೆ ಸುಮಾರು ಎರಡರಂತೆ ಬಿಂದುಗಳಿದ್ದರೆ ಸೂಕ್ಷ್ಮ ವಿವರ ಕೆಡದೆ ಉಳಿಯುತ್ತದೆ.

ಹಿಂದಿನ ಕಾಲದಲ್ಲಿ ಈ ಗೊಂದಲಕ್ಕೆ ಅವಕಾಶ ಕಡಿಮೆ. ಮೊಳೆ ಜೋಡಿಸಿ ಅಚ್ಚುಹಾಕುತ್ತಿದ್ದಾಗ ಚಿತ್ರಕ್ಕೆ ಸತುವಿನ ಬ್ಲಾಕ್ ಮಾಡಿಸುತ್ತಿದ್ದರು. ಬ್ಲಾಕು ಎಷ್ಟು ಇಂಚೋ ಅಚ್ಚಾದ ಚಿತ್ರವೂ ಅಷ್ಟೇ ಇಂಚು. ಕೈಯಲ್ಲಿ ಹಿಡಿದು ಅಳೆಯಬಹುದಾಗಿತ್ತು. ಇಂದು ಅಳತೆ ವಸ್ತುವಿನಲ್ಲಿಲ್ಲ, ಕಡತದೊಳಗೆ ಬರೆದಿಟ್ಟ ಒಂದು ಸಂಖ್ಯೆಯಲ್ಲಿದೆ. ಆ ಸಂಖ್ಯೆಯನ್ನು ಓದಲು ಕಲಿಯುವುದೇ ದೋಷಪರಿಹಾರದ ಮೊದಲ ಪಾಠ.

2. ದೋಷಗಳ ನಿದಾನ

ವೈದ್ಯನು ನಿದಾನವಿಲ್ಲದೆ ಚಿಕಿತ್ಸೆಗೆ ಕೈಹಾಕುವುದಿಲ್ಲ. ಚಿತ್ರದ ಅಳತೆ ತಪ್ಪಾಗಿ ಕಂಡಾಗಲೂ ಮೊದಲು ಮಾಡಬೇಕಾದುದು ತಿದ್ದುಪಾಟಲ್ಲ, ಪರೀಕ್ಷೆ. ಬಿಂದುಗಳ ಎಣಿಕೆ ಎಷ್ಟು, ಅಗಲ ಎತ್ತರಗಳ ಅನುಪಾತ ಎಷ್ಟು, ಸಾಂದ್ರತೆ ಎಷ್ಟು ಎಂಬ ಮೂರನ್ನೂ ಒಂದು ಕಾಗದದಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಆದಂತೆಯೇ ಸರಿ.

(ಅ) ಇಂಚಿನ ಭ್ರಾಂತಿ. ಪುಟಕ್ಕೆ ತಂದ ಚಿತ್ರ ಪುಟವನ್ನೇ ಮೀರಿ ಹರಡುತ್ತದೆ, ಅಥವಾ ತಂತ್ರಾಂಶವು ಅದನ್ನು 55 ಇಂಚಿನದೆಂದು ತೋರಿಸುತ್ತದೆ. ಕಡತದಲ್ಲಿ ಇಂಚಿಗೆ 72 ಎಂಬ ಸಂಖ್ಯೆ ಬರೆದಿರುವುದೇ ಇದಕ್ಕೆ ಕಾರಣ. ಗಾಬರಿಗೊಂಡು ಚಿತ್ರವನ್ನು ಕುಗ್ಗಿಸಿದರೆ ಬಿಂದುಗಳು ನಾಶವಾಗುತ್ತವೆ. ಫೋಟೋಶಾಪ್‌ನಲ್ಲಿ ‘ಇಮೇಜ್ ಸೈಜ್’ ಪೆಟ್ಟಿಗೆಯನ್ನು ತೆರೆದು ‘ರೀಸ್ಯಾಂಪಲ್’ ಎಂಬುದರ ಗುರುತನ್ನು ತೆಗೆದು, ಬಳಿಕ ಸಾಂದ್ರತೆಯನ್ನು 300 ಎಂದು ಬರೆಯಬೇಕು. ಗಿಂಪ್‌ನಲ್ಲಿ ಈ ಕೆಲಸಕ್ಕೆ ‘ಪ್ರಿಂಟ್ ಸೈಜ್’ ಎಂಬ ಬೇರೆಯೇ ಪೆಟ್ಟಿಗೆಯುಂಟು. ‘ಸ್ಕೇಲ್ ಇಮೇಜ್’ ಎಂಬುದು ಬಿಂದುಗಳನ್ನೇ ಬದಲಿಸುವಂಥದು. ಈ ಎರಡರ ವ್ಯತ್ಯಾಸವನ್ನು ಅರಿತವನಿಗೆ ಮುಕ್ಕಾಲುಪಾಲು ದೋಷಗಳು ಅಂಟಲಾರವು.

(ಆ) ಏಕಮಾನದ ಗೊಂದಲ. ಕನ್ನಡ ಶಾಸನಗಳು ಭೂದಾನವನ್ನು ಹೇಳುವಾಗ ಇಷ್ಟು ಮತ್ತರು ಎಂದಷ್ಟೇ ಹೇಳದೆ, ಯಾವ ಕೋಲಿನಿಂದ ಅಳೆದದ್ದೆಂದೂ ಹೇಳುವುದುಂಟು. ಕೋಲನ್ನು ಹೇಳದ ಸಂಖ್ಯೆ ವ್ಯಾಜ್ಯಕ್ಕೆ ದಾರಿ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ತಂತ್ರಾಂಶದ ಪೆಟ್ಟಿಗೆಯಲ್ಲಿಯೂ ಸಂಖ್ಯೆಯ ಪಕ್ಕದಲ್ಲಿ ಕೋಲಿನ ಹೆಸರಿರುತ್ತದೆ. ಅದು ಪಿಕ್ಸೆಲ್ ಎಂದಿರುವಾಗ ಇಂಚೆಂದು ಭಾವಿಸಿ 6 ಎಂದು ಬರೆದರೆ ಚಿತ್ರವು ಆರೇ ಬಿಂದುಗಳ ಚುಕ್ಕೆಯಾಗುತ್ತದೆ. ಸಾಂದ್ರತೆಯ ಏಕಮಾನ ಸೆಂಟಿಮೀಟರಿಗೆ ಎಂದಿರುವಾಗ 300 ಎಂದು ಬರೆದರೆ ಅದು ಇಂಚಿಗೆ 762 ಆಗುತ್ತದೆ; 1800 ಬಿಂದುಗಳಲ್ಲಿ ಮುಗಿಯಬೇಕಾದ ಆರು ಇಂಚಿನ ಚಿತ್ರ 4572 ಬಿಂದುಗಳಷ್ಟು ಉಬ್ಬುತ್ತದೆ. ಎರಡೂವರೆ ಪಟ್ಟಿನ ಆಸುಪಾಸಿನಲ್ಲಿ ಅಳತೆ ತಪ್ಪಿದ್ದರೆ ಇಂಚು-ಸೆಂಟಿಮೀಟರುಗಳ ಪಲ್ಲಟವನ್ನೇ ಮೊದಲು ಶಂಕಿಸಬೇಕು.

(ಇ) ಅನುಪಾತಭಂಗ. ಮುಖಗಳು ಕುಂಬಳಕಾಯಿಯಂತೆ ಅಗಲವಾಗುವುದು ಅಥವಾ ಪಡವಲಕಾಯಿಯಂತೆ ನೀಳವಾಗುವುದು ಇದರ ಲಕ್ಷಣ. ಅಗಲ ಎತ್ತರಗಳ ನಡುವೆ ತಂತ್ರಾಂಶದಲ್ಲಿ ಒಂದು ಸರಪಳಿಯ ಗುರುತಿರುತ್ತದೆ. ಸರಪಳಿ ಕೂಡಿರುವಾಗ ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಹೊಂದಿಕೊಳ್ಳುತ್ತದೆ. ಕಳಚಿರುವಾಗ ಎರಡೂ ಸ್ವತಂತ್ರ. ಪುಟದ ಚೌಕಟ್ಟನ್ನು ಹೇಗಾದರೂ ತುಂಬಿಸಬೇಕೆಂಬ ಹಟದಿಂದ ಸರಪಳಿಯನ್ನು ಕಳಚುವುದೇ ಇಲ್ಲಿನ ಅಪರಾಧ. ಚಿತ್ರವನ್ನು ಹಿಗ್ಗಿಸುವುದು ಕುಗ್ಗಿಸುವುದು ತಪ್ಪಲ್ಲ. ಎರಡು ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ನಡೆಯಬೇಕು. ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಹಂಪೆಯ ಪರಿಸರದ ಕುಗ್ಗಿಸಿದ ಮಾದರಿಯನ್ನು ಕಂಡ ವಿದ್ಯಾರ್ಥಿಗಳಿಗೆ ಈ ಮಾತು ಸುಲಭವಾಗಿ ತಿಳಿದೀತು. ಅಷ್ಟು ದೊಡ್ಡ ಪ್ರದೇಶ ಒಂದು ಅಂಗಳದಲ್ಲಿ ಅಡಗಿಯೂ ನೋಡುವವನಿಗೆ ಗುಡ್ಡ, ಹೊಳೆ, ಬೀದಿಗಳ ನೆಲೆ ತಿಳಿಯುವುದು ಅವುಗಳ ಪರಸ್ಪರ ಸಂಬಂಧ ಉಳಿದಿರುವುದರಿಂದ.

(ಈ) ಚೌಕಟ್ಟಿನ ವಿರೋಧ. ಫೋನಿನ ಚಿತ್ರದ ಅನುಪಾತ ಸಾಮಾನ್ಯವಾಗಿ 4ಕ್ಕೆ 3. ಸ್ಟುಡಿಯೋಗಳು ಕೊಡುವ 4×6 ಇಂಚಿನ ಪ್ರತಿಯ ಅನುಪಾತ 3ಕ್ಕೆ 2. ಇವೆರಡೂ ಎಂದಿಗೂ ಪೂರ್ಣವಾಗಿ ಹೊಂದಲಾರವು. 4000×3000 ಬಿಂದುಗಳ ಚಿತ್ರವನ್ನು ಈ ಚೌಕಟ್ಟಿಗೆ ತುಂಬಿಸಬೇಕಾದರೆ ಎತ್ತರದಲ್ಲಿ 333 ಬಿಂದುಗಳನ್ನು, ಎಂದರೆ ಒಂಬತ್ತರಲ್ಲಿ ಒಂದು ಪಾಲನ್ನು, ಬಿಡಲೇಬೇಕು. ಗುಂಪುಚಿತ್ರದಲ್ಲಿ ಆ ಒಂದು ಪಾಲೇ ಹಿಂದಿನ ಸಾಲಿನವರ ತಲೆಗಳಾಗಿರಬಹುದು, ಮುಂದೆ ನೆಲದ ಮೇಲೆ ಕುಳಿತ ಮಕ್ಕಳ ಕಾಲುಗಳಾಗಿರಬಹುದು. ಯಂತ್ರಕ್ಕೆ ಬಿಟ್ಟರೆ ಅದು ಎರಡು ಕಡೆಯೂ ಸಮವಾಗಿ ಕತ್ತರಿಸುತ್ತದೆ. ಯಾರು ಹೋದರೆಂದು ಅದಕ್ಕೆ ತಿಳಿಯದು. ಆದುದರಿಂದ ಗುಂಪುಚಿತ್ರವನ್ನು ಕತ್ತರಿಸದೆ ಬದಿಗಳಲ್ಲಿ ಬಿಳಿಯ ಅಂಚು ಬಿಟ್ಟು ಮುದ್ರಿಸುವುದೇ ಮರ್ಯಾದೆಯ ಕ್ರಮ. ಇಲ್ಲಿ ಬಳಸಬೇಕಾದುದು ‘ಕ್ಯಾನ್ವಾಸ್ ಸೈಜ್’. ಅದು ಚಿತ್ರವನ್ನು ಮುಟ್ಟದೆ ಸುತ್ತಲ ಹಾಳೆಯನ್ನಷ್ಟೇ ಹಿಗ್ಗಿಸುತ್ತದೆ. ಇದನ್ನೇ ಕುಗ್ಗಿಸಿದರೆ ಚಿತ್ರದ ಅಂಚು ಕಳೆದುಹೋಗುವುದೆಂಬ ಎಚ್ಚರವೂ ಬೇಕು.

(ಉ) ಉಪಕರಣದ ಹಳೆಯ ನೆನಪು. ಯಾವ ಚಿತ್ರವನ್ನು ಕತ್ತರಿಸಿದರೂ ಒಂದೇ ಅಳತೆಗೆ ಬರುತ್ತದೆಯೆಂಬುದು ಮತ್ತೊಂದು ದೂರು. ಫೋಟೋಶಾಪ್‌ನ ಕತ್ತರಿಸುವ ಉಪಕರಣವು ಹಿಂದೆ ತುಂಬಿದ ಅಗಲ, ಎತ್ತರ, ಸಾಂದ್ರತೆಗಳನ್ನು ನೆನಪಿಟ್ಟುಕೊಂಡಿರುತ್ತದೆ. ನಿನ್ನೆ ಗುರುತಿನ ಚೀಟಿಗೆಂದು 35×45 ಮಿಲಿಮೀಟರ್ ಎಂದು ಬರೆದವರು ಇಂದು ಕಟ್ಟಡದ ಚಿತ್ರವನ್ನು ಕತ್ತರಿಸಿದರೆ ಅದೂ ಅದೇ ಚೀಟಿಯ ಅಳತೆಗೆ ಇಳಿಯುತ್ತದೆ. ಮೇಲಿನ ಪಟ್ಟಿಯಲ್ಲಿರುವ ‘ಕ್ಲಿಯರ್’ ಗುಂಡಿಯನ್ನು ಒತ್ತಿದರೆ ದೋಷ ನಿವಾರಣೆಯಾಗುತ್ತದೆ.

(ಊ) ಅಡ್ಡ-ಉದ್ದಗಳ ಪಲ್ಲಟ. ನೆಟ್ಟಗೆ ಹಿಡಿದು ತೆಗೆದ ಚಿತ್ರ ಅಡ್ಡಬಿದ್ದಂತೆ ತೋರಿ, ಅಗಲವಿದ್ದಲ್ಲಿ ಎತ್ತರವೂ ಎತ್ತರವಿದ್ದಲ್ಲಿ ಅಗಲವೂ ಕಾಣಿಸುವುದುಂಟು. ಅನೇಕ ಕ್ಯಾಮರಾಗಳು ಬಿಂದುಗಳನ್ನು ತಿರುಗಿಸದೆ, ‘ಇದನ್ನು ತಿರುಗಿಸಿ ತೋರಿಸಿ’ ಎಂಬ ಸೂಚನೆಯನ್ನು ಕಡತದೊಳಗಿನ ಎಕ್ಸಿಫ್ ಎಂಬ ಟಿಪ್ಪಣಿಯಲ್ಲಿ ಬರೆದಿಡುತ್ತವೆ. ಆ ಟಿಪ್ಪಣಿಯನ್ನು ಓದದ ತಂತ್ರಾಂಶಕ್ಕೆ ಹೋದಾಗ ಚಿತ್ರ ಮಲಗುತ್ತದೆ. ಸಂಸ್ಕರಣ ತಂತ್ರಾಂಶದಲ್ಲಿ ತೆರೆದು, ನೆಟ್ಟಗೆ ತಿರುಗಿಸಿ, ಹೊಸ ಹೆಸರಿನಲ್ಲಿ ಉಳಿಸಿದರೆ ಸಾಕು.

(ಋ) ದೃಷ್ಟಿಭ್ರಮೆ. ಕೆಲವೊಮ್ಮೆ ದೋಷ ಚಿತ್ರದಲ್ಲಿರದೆ ನೋಟದಲ್ಲಿರುತ್ತದೆ. ಪರದೆಯಲ್ಲಿ 25 ಪ್ರತಿಶತಕ್ಕೆ ಕುಗ್ಗಿಸಿ ನೋಡುತ್ತಿರುವವರು ಚಿತ್ರ ಚಿಕ್ಕದಾಯಿತೆಂದು ಭಾವಿಸುತ್ತಾರೆ. ಗಿಂಪ್‌ನ ‘ವ್ಯೂ’ ಪಟ್ಟಿಯಲ್ಲಿ ‘ಡಾಟ್ ಫಾರ್ ಡಾಟ್’ ಎಂಬುದನ್ನು ತೆಗೆದಿದ್ದರೆ ಪರದೆಯು ಬಿಂದುಗಳ ಎಣಿಕೆಯನ್ನು ಬಿಟ್ಟು ಮುದ್ರಿತ ಗಾತ್ರವನ್ನು ತೋರಿಸುತ್ತದೆ. ಅಡ್ಡ ಮತ್ತು ಉದ್ದದ ಸಾಂದ್ರತೆಗಳು ಬೇರೆಬೇರೆಯಾಗಿದ್ದರೆ ಚಿತ್ರ ಜಗ್ಗಿದಂತೆಯೂ ಕಾಣುತ್ತದೆ. ತಿದ್ದುವ ಮುನ್ನ 100 ಪ್ರತಿಶತದಲ್ಲಿ ಒಮ್ಮೆ ನೋಡಿ, ಸಂಖ್ಯೆಗಳನ್ನು ಓದಿ, ಆಮೇಲೆ ನಿರ್ಣಯಕ್ಕೆ ಬರುವುದು ಲೇಸು.

(ೠ) ತೂಕವನ್ನು ಅಳತೆಯೆಂದು ಭಾವಿಸುವುದು. ವಿದ್ಯಾರ್ಥಿವೇತನ, ಪರೀಕ್ಷೆ ಮುಂತಾದ ಅರ್ಜಿಗಳಲ್ಲಿ ಭಾವಚಿತ್ರ ಇಷ್ಟು ಕೆಬಿ ಮೀರಬಾರದೆಂಬ ನಿಯಮವಿರುತ್ತದೆ. ಕೆಬಿ ಎಂಬುದು ಕಡತದ ಭಾರ, ಚಿತ್ರದ ಗಾತ್ರವಲ್ಲ. ಜೆಪೆಗ್ ಆಗಿ ಉಳಿಸುವಾಗ ಗುಣಮಟ್ಟದ ಅಂಕವನ್ನು ತಗ್ಗಿಸಿದರೆ ಅದೇ ಬಿಂದುಗಳು ಇದ್ದಂತೆಯೇ ಭಾರ ಇಳಿಯುತ್ತದೆ.

3. ಬಿಂದುಕ್ಷಯ ಮತ್ತು ಪಾದಪೂರಣ

ಮೇಲಿನ ದೋಷಗಳೆಲ್ಲ ಮೂಲಪ್ರತಿ ಇರುವತನಕ ಪರಿಹಾರ್ಯ. ಅಪರಿಹಾರ್ಯವಾದುದು ಬಿಂದುಕ್ಷಯ. ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಿಂದ ಕಳುಹಿಸಿದ ಚಿತ್ರವು ದಾರಿಯಲ್ಲಿಯೇ ಕುಗ್ಗುತ್ತದೆ. ಉದ್ದನೆಯ ಬದಿಯಲ್ಲಿ 1600 ಬಿಂದುಗಳಷ್ಟೇ ಉಳಿದಿದ್ದರೆ ಉತ್ತಮ ಮುದ್ರಣದಲ್ಲಿ ಅದು ಐದೂಕಾಲು ಇಂಚಿಗೆ ಸಾಕು. ಎ4 ಅಳತೆಯ ಪೂರ್ಣಪುಟಕ್ಕೆ 2480×3508 ಬಿಂದುಗಳು ಬೇಕು. ಹಳೆಯ ವಿದ್ಯಾರ್ಥಿಗಳು ದೂರದೂರುಗಳಿಂದ ಚಿತ್ರ ಕಳುಹಿಸುವಾಗ ‘ಡಾಕ್ಯುಮೆಂಟ್’ ಆಗಿ ಅಥವಾ ಈಮೇಲ್ ಮೂಲಕ ಮೂಲಕಡತವನ್ನೇ ಕಳುಹಿಸುವುದು ಅವಶ್ಯ.

ಕಳೆದುಹೋದ ಬಿಂದುಗಳನ್ನು ತಂತ್ರಾಂಶ ಮರಳಿ ತಾರದೇ ಎಂದು ಕೇಳುವವರುಂಟು. ಬಿಂದುಗಳನ್ನು ಹೆಚ್ಚಿಸು ಎಂದರೆ ಅದು ಹೆಚ್ಚಿಸುತ್ತದೆ ನಿಜ. ಆದರೆ ಅಕ್ಕಪಕ್ಕದ ಬಣ್ಣಗಳ ನಡುವಣ ಬಣ್ಣವನ್ನು ಊಹಿಸಿ ತುಂಬುತ್ತದೆ. ಛಂದಸ್ಸಿನಲ್ಲಿ ಇದಕ್ಕೆ ಸಮಾನವಾದುದು ಪಾದಪೂರಣ. ಕಂದಪದ್ಯಕ್ಕೆ ಒಟ್ಟು 64 ಮಾತ್ರೆಗಳು ಬೇಕು. ಅರ್ಥ ಸಾಲದಾದಾಗ ಅರ್ಥವಿಲ್ಲದ ಪದಗಳನ್ನಿಟ್ಟು ಮಾತ್ರೆ ತುಂಬಿಸಬಹುದು. ಪಾದ ತುಂಬುತ್ತದೆ, ಕಾವ್ಯ ತುಂಬುವುದಿಲ್ಲ.

ಈಚಿನ ಕೃತಕ ಬುದ್ಧಿಮತ್ತೆಯ ಉಪಕರಣಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಸುಕಾದ ಚಿತ್ರದಲ್ಲಿ ಸ್ಪಷ್ಟವಾದ ಗೆರೆಗಳನ್ನೇ ಸೃಷ್ಟಿಸುತ್ತವೆ. ಹಬ್ಬದ ಅಲಂಕಾರದ ಚಿತ್ರಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಸವೆದ ಶಾಸನದ ಚಿತ್ರಕ್ಕೆ ಇದನ್ನು ಬಳಸಿದರೆ ಯಂತ್ರವು ಊಹಿಸಿ ಗೀಚಿದ ಗೆರೆ ಅಕ್ಷರವೆನಿಸಬಹುದು. ವ ಮತ್ತು ಪಗಳು, ಬ ಮತ್ತು ಲಗಳು ರೂಪದಲ್ಲಿ ಸಮೀಪವಾದ ಲಿಪಿಯಲ್ಲಿ ಒಂದು ಗೆರೆಯ ಹೆಚ್ಚುಕಡಿಮೆಯಿಂದ ಊರಿನ ಹೆಸರು, ದಾನಿಯ ಹೆಸರು ಮಾರ್ಪಡುತ್ತವೆ. ಗತಿಸಿದ ಹಿರಿಯರ ಮಸುಕಾದ ಭಾವಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಹೊಳಪಾಗಿ ಬಂದ ಮುಖ ಅವರದಾಗಿರದೆ ಯಂತ್ರ ಕಲ್ಪಿಸಿದ ಇನ್ನಾರದೋ ಆಗಿದ್ದರೆ, ಅದು ಸ್ಮರಣೆಯಾಗದು. ಹಳೆಯ ಪ್ರತಿ ಒಂದೇ ಉಳಿದಿದ್ದರೆ ಅದನ್ನು ಸ್ಕ್ಯಾನರಿನಲ್ಲಿ ಇಂಚಿಗೆ 600 ಬಿಂದುಗಳಂತೆ ತೆಗೆಯಬೇಕು. 4×6 ಇಂಚಿನ ಪ್ರತಿಯಿಂದ 2400×3600 ಬಿಂದುಗಳು ದೊರೆಯುತ್ತವೆ. ಇಂಚಿಗೆ 300ರಂತೆ ಮುದ್ರಿಸಿದಾಗ 8×12 ಇಂಚಿಗೂ ಸಾಕಾಗುತ್ತದೆ.

4. ಹಂಪೆಯ ಒಂದು ನಿದರ್ಶನ

ಚಿತ್ರದ ಅನುಪಾತ ಕೇವಲ ಅಂದದ ವಿಷಯವಲ್ಲ, ಸಾಕ್ಷ್ಯದ ವಿಷಯವೆಂಬುದಕ್ಕೆ ಕಮಲಾಪುರದ ನೆರೆಯಲ್ಲಿಯೇ ಉದಾಹರಣೆಯುಂಟು. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ವಿಧಾನದಲ್ಲಿ ನೆಗೆಟಿವ್‌ಗೆ ರಾಸಾಯನಿಕ ಲೇಪಿಸಿದ ಕಾಗದವನ್ನು ಒತ್ತಿ ಬಿಸಿಲಿಗೆ ಹಿಡಿಯುತ್ತಿದ್ದುದರಿಂದ ನೆಗೆಟಿವ್‌ನ ಗಾತ್ರವೇ ಪ್ರತಿಯ ಗಾತ್ರ. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ನೆಲೆಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. 127 ವರ್ಷಗಳ ಅಂತರದ ಈ ಜೋಡಿಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವುದು ಬಿತ್ತು, ಯಾವುದು ಉಳಿಯಿತು ಎಂಬುದು ತಿಳಿಯುತ್ತದೆ.

ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆ-ಗಾರೆಯ ಶಿಖರವಿತ್ತು. ಗ್ರೀನ್‌ಲಾ ಅವರ ಚಿತ್ರದಲ್ಲಿ ಅದು ಕಾಣುತ್ತದೆ; ಇಂದಿನ ರಥದ ಮೇಲೆ ಅದು ಇಲ್ಲ. ಇಲ್ಲದ ಶಿಖರದ ಆಕಾರವನ್ನು ಅರಿಯಲು ಇಂಥ ಹಳೆಯ ಚಿತ್ರವೇ ಆಧಾರ. ಆ ಚಿತ್ರವನ್ನು ಯಾರಾದರೂ ಪುಟ ತುಂಬಿಸುವ ಸಲುವಾಗಿ ಮೇಲಕ್ಕೆ ಹತ್ತರಲ್ಲೊಂದು ಪಾಲು ಜಗ್ಗಿದರೆಂದು ಊಹಿಸೋಣ. ಎತ್ತರವನ್ನು ಎತ್ತರದೊಡನೆ ಹೋಲಿಸುವವನಿಗೆ ಮೋಸವಾಗದು, ಎರಡೂ ಒಂದೇ ಪ್ರಮಾಣದಲ್ಲಿ ಜಗ್ಗಿರುತ್ತವೆ. ರಥದ ಅಗಲವನ್ನು ಕೋಲಾಗಿ ಹಿಡಿದು ಶಿಖರದ ಎತ್ತರವನ್ನು ಗುಣಿಸುವವನು ಮಾತ್ರ ತಪ್ಪುತ್ತಾನೆ. ಶಿಖರದ ಇಳಿಜಾರನ್ನು ಅಳೆಯುವವನೂ ತಪ್ಪುತ್ತಾನೆ. ಆ ತಪ್ಪನ್ನು ತೋರಿಸಿಕೊಡಲು ಶಿಖರವೇ ಇಲ್ಲ.

ಪರೀಕ್ಷೆಗೆ ಒಂದು ದಾರಿಯಿದೆ. ಶಿಖರ ಹೋದರೂ ರಥ ನಿಂತಿದೆ. ಅದೇ ನೆಲೆಯಿಂದ ತೆಗೆದ ಚಿತ್ರದಲ್ಲಿ ರಥದ ಅಗಲ ಎತ್ತರಗಳ ಅನುಪಾತವನ್ನು ತೆಗೆದುಕೊಂಡು ಹಳೆಯ ಚಿತ್ರದ ಪ್ರತಿಯೊಡನೆ ಹೋಲಿಸಿದರೆ ಜಗ್ಗಾಟ ಹೊರಬೀಳುತ್ತದೆ. ಎದುರಿಗೆ ನಿಂತು ತೆಗೆದ ಚಿತ್ರದಲ್ಲಿ ರಥದ ಗಾಲಿ ದುಂಡಗೆ ಕಾಣಬೇಕು. ಓರೆಯಿಂದ ತೆಗೆದಿದ್ದರೆ ಅಂಡಾಕಾರ ಸಹಜವೆಂಬುದನ್ನು ಮರೆಯಬಾರದು. ಚಿತ್ರದಲ್ಲಿ ಆಕಾರ ಗೊತ್ತಿರುವ ಒಂದು ವಸ್ತುವನ್ನು ಹುಡುಕಿ ಅದರಿಂದ ಉಳಿದುದನ್ನು ಪರೀಕ್ಷಿಸುವ ಈ ಕ್ರಮ ಗುಂಪುಚಿತ್ರಕ್ಕೂ ಸಲ್ಲುತ್ತದೆ. ಗೋಡೆಯ ಗಡಿಯಾರ, ಗುಂಡನೆಯ ಪದಕ, ಏನಿದ್ದರೂ ಆದೀತು.

ಚಿತ್ರದ ಅಡಿಬರಹದ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆದ ಹಂಪೆಯ ಉಗ್ರನರಸಿಂಹ ಮೂರ್ತಿಯ ಎತ್ತರ ಸುಮಾರು 6.7 ಮೀಟರ್. ಪುಟದಲ್ಲಿ ಅದು 13.4 ಸೆಂಟಿಮೀಟರ್ ಎತ್ತರವಾಗಿ ಮೂಡಿದಾಗ ‘ಐವತ್ತರಲ್ಲಿ ಒಂದು ಪ್ರಮಾಣ’ ಎಂದು ಬರೆಯಬಹುದು. ಮುಂದೆ ಅದೇ ಚಿತ್ರವನ್ನು ಇನ್ನೊಬ್ಬರು ಅರ್ಧಕ್ಕೆ ಕುಗ್ಗಿಸಿ ಅಡಿಬರಹವನ್ನು ಹಾಗೆಯೇ ಉಳಿಸಿದರೆ ಮಾತು ಸುಳ್ಳಾಗುತ್ತದೆ. ಪುರಾತತ್ತ್ವಜ್ಞರು ಕಪ್ಪು-ಬಿಳಿಯ ಅಳತೆಪಟ್ಟಿಯನ್ನು ವಸ್ತುವಿನ ಪಕ್ಕದಲ್ಲಿಟ್ಟು ಚಿತ್ರ ತೆಗೆಯುವುದು ಇದಕ್ಕಾಗಿಯೇ. ಚಿತ್ರ ಕುಗ್ಗಿದರೆ ಪಟ್ಟಿಯೂ ಕುಗ್ಗುತ್ತದೆ, ಹಿಗ್ಗಿದರೆ ಪಟ್ಟಿಯೂ ಹಿಗ್ಗುತ್ತದೆ. ಪಟ್ಟಿ ಇರುವ ಚಿತ್ರದಲ್ಲಿ ಮಾನಾಂಗುಲವು ದೇಹಾಂಗುಲದೊಳಗೇ ನೆಲೆಸಿದಂತಾಯಿತು. ಅಂದ ಕೆಡುವುದೆಂದು ಆ ಪಟ್ಟಿಯನ್ನು ಕತ್ತರಿಸಿ ತೆಗೆಯುವುದು ಸಲ್ಲದು.

5. ಸಂಸ್ಥೆಗಳು ಪಾಲಿಸತಕ್ಕ ಕ್ರಮ

ಕಮಲಾಪುರ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಪರಿಸರದಲ್ಲಿ ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಹೋದೆಡೆಯೆಲ್ಲ ಇತಿಹಾಸದ ಸಾಕ್ಷಿಗಳಿವೆ. ಈಗ ಅನೇಕರ ಕೈಯಲ್ಲಿ ಕ್ಯಾಮರಾ ಉಂಟು. ಇಂದು ಅವರು ತೆಗೆದ ಚಿತ್ರವೇ ನಾಳೆ ಬಿದ್ದುಹೋದ ಮಂಟಪಕ್ಕೆ ಉಳಿಯುವ ಸಾಕ್ಷಿಯಾಗಬಹುದು. ಆದುದರಿಂದ ಸಂಚಿಕೆಯನ್ನು ಹೊರತರುವ ಅಧ್ಯಾಪಕರು ಕೆಲವು ನಿಯಮಗಳನ್ನು ರೂಢಿಸಿಕೊಳ್ಳುವುದು ಯುಕ್ತ. ಬಂದ ಮೂಲಕಡತವನ್ನು ಮುಟ್ಟದೆ ಬೇರೆ ಇಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು. ಚಿತ್ರದ ಹೆಸರಿನೊಡನೆ ತೆಗೆದ ವರ್ಷ, ಸ್ಥಳ, ಬಿಂದುಗಳ ಎಣಿಕೆಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಮುದ್ರಣಾಲಯಕ್ಕೆ ಕಳುಹಿಸುವಾಗ ಇಂಚುಗಳನ್ನೂ ಬಿಂದುಗಳನ್ನೂ ಎರಡನ್ನೂ ತಿಳಿಸಬೇಕು. ಗುಂಪುಚಿತ್ರದ ಪ್ರೂಫ್ ಬಂದಾಗ ಮುಖಗಳನ್ನು ಎಣಿಸಿ ಹೆಸರಿನ ಪಟ್ಟಿಯೊಡನೆ ತಾಳೆನೋಡಬೇಕು.

ಈ ಎಣಿಸುವ ಕೆಲಸಕ್ಕೆ ಯಾವ ತಂತ್ರಾಂಶವೂ ಬೇಕಾಗಿಲ್ಲ. ಪ್ರೂಫಿನಲ್ಲಿ 42 ಹೆಸರುಗಳಿದ್ದು 41 ಮುಖಗಳಿದ್ದರೆ, ಅಂಚಿನಲ್ಲಿ ಕತ್ತರಿಸಿಹೋದ ಆ ಒಬ್ಬನನ್ನು ಮರಳಿ ಸಾಲಿಗೆ ತಂದು ನಿಲ್ಲಿಸುವತನಕ ಸಂಚಿಕೆಯನ್ನು ಅಚ್ಚಿಗೆ ಬಿಡಬಾರದು.